ಬಿದ್ದ ಕಂಬಗಳ ಸೆರಗು

ನಮ್ಮ ಮುರಗೆಪ್ಪ ಮಾವನಿಗೆ ಸಿಟ್ಟು ಬರಿಸಬೇಕೆಂದರೆ ಯಾರೋ ಯಾರದೋ ಸೆರಗಿನ ನಕ್ಷೆ ಕದ್ದರು ಎಂದರೆ ಸಾಕು. ಬನಹಟ್ಟಿಯಲ್ಲಿ ಆತನದು ಸೀರೆಗೆ ನಕ್ಷೆ ಕಟ್ಟುವ ಕೆಲಸ. ಚೌಕಳಿ ಹಾಳೆಯ ಮೇಲೆ ಹೂವು, ಬಳ್ಳಿ ಬರೆದು, ಅದರಂತೆ ರಟ್ಟಿನ ಪಟ್ಟಿಗಳಿಗೆ ತೂತು ಹೊಡೆದು ಕೊಟ್ಟರೆ ಮಗ್ಗ ಅದನ್ನೇ ಸೆರಗಿನಲ್ಲಿ ನೇಯುತ್ತದೆ. ಕಂಪ್ಯೂಟರ್ ಬಂದ ಮೇಲೂ ಆತ ರಟ್ಟು ಬಿಟ್ಟಿಲ್ಲ. ತನ್ನ ನವಿಲಿನ ನಕ್ಷೆ ಕದ್ದರೆಂದು ರಬಕವಿಯ ಒಂದು ಮನೆಯ ಮದುವೆಗೂ ಹೋಗದ ಮನುಷ್ಯ. ಆತನ ಹೆಂಡತಿ ರತ್ನಾಬಾಯಿ ನನ್ನ ಅಕ್ಕ. ಅವಳ ಮುಲಾಜಿಗೆ ಬಿದ್ದು ನಾನೂ ಹೋಗಲಿಲ್ಲ. ಹೋಳಿಗೆ ತಪ್ಪಿದ ಹೊಟ್ಟೆಯುರಿ ನನಗಿನ್ನೂ ಇದೆ.

ಈಗೀಗ ವ್ಯಾಪಾರಿಗಳು ನಕ್ಷೆಗೆಂದು ಫೋನಿನಲ್ಲಿ ಚಿತ್ರ ಕಳಿಸುತ್ತಾರೆ. ಜೊತೆಗೆ ಒಂದಕ್ಷರವೂ ಇರುವುದಿಲ್ಲ. ಮಾತಿಲ್ಲದೆ ಚಿತ್ರ ಬಂತೆಂದರೆ ಇದನ್ನು ಸೆರಗಿಗೆ ಹಾಕು ಎಂದೇ ಅರ್ಥ. ಹೋದ ಶ್ರಾವಣದಲ್ಲಿ ಮಗಳು ಕಾವ್ಯಳಿಂದ ಮಾವನಿಗೆ ಅಂಥದೇ ಒಂದು ಚಿತ್ರ ಬಂತು.

ಕಾವ್ಯ ಧಾರವಾಡದಲ್ಲಿ ಸಂಶೋಧನೆ ಮಾಡುತ್ತಾಳೆ. ಕೂದಲೆಳೆಯ ಅಗಲದಲ್ಲಿ ನೂರಾರು ಹಿಡಿಸುವಷ್ಟು ಸಣ್ಣ ಕಂಬಗಳನ್ನು ಸಿಲಿಕಾನ್ ಚೂರಿನ ಮೇಲೆ ಸಾಲಾಗಿ ನಿಲ್ಲಿಸುವುದು ಅವಳ ಕೆಲಸ. ಬರಿಗಣ್ಣಿಗೆ ಏನೂ ಕಾಣದು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿಟ್ಟಾಗ ಮಾತ್ರ ಕಪ್ಪು ಬಿಳುಪಿನ ಚಿತ್ರ ಮೂಡುತ್ತದೆ. ಇಂಥದೊಂದು ಲೋಕ ಅಲ್ಲಿದೆಯೆಂದು ಆ ಚಿತ್ರ ನೋಡುವ ತನಕ ನಾನು ನಂಬಿರಲಿಲ್ಲ. ಕಪ್ಪು ನೆಲದ ಮೇಲೆ ಬೆಳ್ಳಿಯಂಥ ಕಡ್ಡಿಗಳು, ನಾಲ್ಕೈದು ಒಂದೊಂದು ಗುಂಪಾಗಿ, ನಳದ ಹತ್ತಿರ ಹೆಂಗಸರು ತಲೆಗೆ ತಲೆ ಕೊಟ್ಟು ಮಾತಿಗೆ ನಿಂತಂತೆ ಬಾಗಿದ್ದವು. ಒಂದು ಗುಂಪಿನಂತೆ ಇನ್ನೊಂದಿಲ್ಲ. ಆದರೂ ಎಲ್ಲ ಸೇರಿ ಎಷ್ಟು ಚೆಂದ!

"ನೋಡಲೇ, ನನ್ನ ಮಗಳು ನನಗಂತ ಡಿಸೈನ್ ಕಳಿಸ್ಯಾಳ" ಎಂದು ಮಾವ ಓಣಿಗೆಲ್ಲ ಫೋನು ತೋರಿಸುತ್ತ ಅಡ್ಡಾಡಿದ. ತೋರಿಸಿದ್ದಷ್ಟೇ ಅಲ್ಲ, ಗೊಂಚಲುಗಳನ್ನು ಹಾಳೆಗಿಳಿಸಿ, ಪಟ್ಟಿ ಹೊಡೆದು, ಕಡುನೀಲಿ ಸೀರೆಗೆ ಬೂದು ಸೆರಗು ಮಾಡಿಸಿದ. ಮಗಳು ಬಂದಾಗ ತೋರಿಸೋಣವೆಂದು ಅವಳಿಗೆ ಹೇಳಲಿಲ್ಲ. ಸೀರೆ ಮುಧೋಳ, ಜಮಖಂಡಿ ಪೇಟೆಗೆ ಹೋಗಿದ್ದೇ ತಡ, ಖಾಲಿಯಾಗಿ ಮತ್ತೆ ಬೇಡಿಕೆ ಬಂತು.

ದೀಪಾವಳಿಗೆ ಬರುವಾಗ ಕಾವ್ಯ ಲೋಕಾಪುರದಲ್ಲಿ ಬಸ್ಸು ಬದಲಿಸಲು ಇಳಿದಳು. ಎದುರಿಗೆ ಬೀಳಗಿ ಬಸ್ಸಿಗೆ ಕಾಯುತ್ತಿದ್ದ ಹೆಂಗಸಿನ ಹೆಗಲ ಸೆರಗಿನ ಮೇಲೆ ಅವಳು ಕಳಿಸಿದ್ದ ಅದೇ ಚಿತ್ರ! ಸೀರೆ ಎಲ್ಲಿಯದೆಂದು ಕೇಳಿದಳಂತೆ. "ಮುಧೋಳದಾಗ ತಗೊಂಡೀನಿ. ಬನಹಟ್ಟಿ ಸೀರಿ" ಎಂದಿತಂತೆ ಆ ತಾಯಿ. ಮನೆ ಮುಟ್ಟುವಷ್ಟರಲ್ಲಿ ಹುಡುಗಿಯ ಮುಖ ಸುಣ್ಣವಾಗಿತ್ತು.

"ಅಪ್ಪಾ, ಏನ್ ಮಾಡಿದಿ? ನಮ್ಮ ಲ್ಯಾಬಿನ ಚಿತ್ರ ಹೊರಗ ಬಿಡೂಹಂಗಿಲ್ಲ. ಪೇಪರ್ ಪ್ರಕಟ ಆಗೂತನಕ ಯಾರಿಗೂ ತೋರಸಬಾರದು. ನನ್ನ ಹೊರಗ ಹಾಕ್ತಾರ!"

"ನೀನ ಕಳಿಸಿದೆಲ್ಲ, ತಂಗಿ?"

"ಆವತ್ತ ಅಳು ಬಂದಿತ್ತು. ಬರಿಯಾಕ ಏನೂ ತಿಳೀಲಿಲ್ಲ, ಚಿತ್ರ ಅಷ್ಟ ಕಳಿಸಿದೆ."

ಮಾವ ಕುಸಿದು ಕೂತ. ಅಂಥ ಆಳು ಕೂತದ್ದು ಕಂಡು ನನಗೆ ನಿಜಕ್ಕೂ ಭಯವಾಯಿತು. "ಜನ್ಮೆಲ್ಲಾ ಕಳ್ಳರನ್ನ ಬೈದೆ. ಈಗ ನನ್ನ ಮಗಳ ಲ್ಯಾಬಿನ್ಯಾಗಿಂದ ನಾನ ಕದ್ದೆ" ಎಂದ. ಅಕ್ಕ ಮಾಡಿಟ್ಟ ಕರ್ಚಿಕಾಯಿಯನ್ನು ಯಾರೂ ಮುಟ್ಟಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ಮಾವನೇ ಎದ್ದ. "ನಿಮ್ಮ ಮೇಡಂಗ ಫೋನ್ ಹಚ್ಚು. ನಾ ಮಾತಾಡ್ತೀನಿ."

ಕಾವ್ಯ ಬೇಡವೆಂದಳು, ಅತ್ತಳು, ಕೊನೆಗೆ ಸ್ಪೀಕರ್ ಇಟ್ಟು ಹಚ್ಚಿದಳು. ಅವಳ ಮಾರ್ಗದರ್ಶಕಿ ಸರಿತಾ ಮೇಡಂ ಆ ಕಡೆ ಹಲೋ ಅನ್ನುತ್ತಲೇ ಮಾವ ಶುರು ಮಾಡಿದ: "ತಪ್ಪು ನಂದರಿ, ಹುಡುಗಿದಲ್ಲ. ಪಟ್ಟಿ ಎಲ್ಲಾ ಸುಡತೀನಿ, ಅಂಗಡ್ಯಾಗಿನ ಸೀರಿ ತಿರುಗಿ ತರಸ್ತೀನಿ. ಆಕೀನ ಮಾತ್ರ ಹೊರಗ ಹಾಕಬ್ಯಾಡ್ರಿ."

ಯಾವ ಚಿತ್ರವೆಂದು ಮೇಡಂ ಕೇಳಿದರು. ಕಾವ್ಯ ಕಳಿಸಿದಳು. ನೋಡಿದವರೇ ನಕ್ಕುಬಿಟ್ಟರು.

"ಅಯ್ಯ, ಇದು ಕೆಟ್ಟ ಸ್ಯಾಂಪಲ್ ಅಲ್ಲೇನ್ರಿ! ಕಂಬ ನೆಟ್ಟಗ ನಿಂದ್ರಬೇಕು. ತೊಳದು ಒಣಗಸೂವಾಗ ನೀರು ಅವನ್ನ ಜಗ್ಗಿ ಕೆಡವೇತಿ. ಇಂಥಾವು ಎಲ್ಲಾ ಲ್ಯಾಬಿನ್ಯಾಗೂ ಆಗ್ತಾವ. ಮುಚ್ಚಿಡೂದು ನಿಂತ ಕಂಬದ ಚಿತ್ರ. ಬಿದ್ದದ್ದನ್ನ ನಾವ ಅಳಿಸಿ ಹಾಕ್ತೀವಿ. ಕಾವ್ಯಾ, ಇನ್ನ ಮ್ಯಾಲೆ ಕಳಸೂಮುಂಚೆ ನನ್ನ ಕೇಳು, ಅಷ್ಟ ಆತು. ಹಬ್ಬ ಮಾಡ್ರಿ."

ಫೋನು ಇಟ್ಟ ಮೇಲೆ ಅಕ್ಕ ದೇವರ ಕಡೆ ಕೈ ಮುಗಿದಳು. ನನ್ನ ಎದೆಯ ಮೇಲಿನ ಕಲ್ಲೂ ಇಳಿಯಿತು. ಕರ್ಚಿಕಾಯಿಗೆ ಮೊದಲು ಕೈ ಹಾಕಿದವ ನಾನೇ. ಮಾವ ಮಾತ್ರ ಬಾಗಿಲ ಹತ್ತಿರ ನಿಂತು ಏನೋ ಯೋಚಿಸುತ್ತಿದ್ದ.

"ಹಂಗಂದ್ರ ಆವತ್ತ ಯಾಕ ಅತ್ತಿ?" ಎಂದು ಮಗಳನ್ನು ಕೇಳಿದ.

"ಅದಕ್ಕ ಅಪ್ಪಾ. ಎಷ್ಟ ಸಲ ಮಾಡಿದ್ರೂ ಬೀಳ್ತಾವ. ಒಂದೂ ನಿಂದ್ರೂದಿಲ್ಲ. ನನ್ನ ಕೈಲೆ ಏನೂ ಆಗೂದಿಲ್ಲ ಅನಿಸಿತ್ತು. ಬಿಟ್ಟು ಬರಬೇಕು ಅಂತಿದ್ದೆ."

ಮನೆಯಲ್ಲಿ ಈ ವಿಷಯ ಯಾರಿಗೂ ಗೊತ್ತಿರಲಿಲ್ಲ. ಮಾವ ಹತ್ತಿರ ಬಂದು ಮಗಳ ತಲೆಯ ಮೇಲೆ ಕೈಯಿಟ್ಟ.

"ನಿಂತದ್ದು ಹೆಂಗ ಇರತೈತೊ ನಾ ನೋಡಿಲ್ಲ ತಂಗಿ, ಅದನ್ನೂ ನೀ ನಿಂದರಸ್ತಿ. ಆದ್ರ ನೀ ಬಿದ್ದಾವಂತ ಅತ್ತಿಯಲ್ಲ, ಅವನ್ನ ಮೂರು ತಾಲೂಕಿನ ಹೆಣ್ಮಕ್ಕಳು ರೊಕ್ಕ ಕೊಟ್ಟು ಉಟಗೊಂಡು ಹಬ್ಬಾ ಮಾಡಾಕತ್ತಾರ."

ಕಾವ್ಯ ಅಳುತ್ತಲೇ ನಕ್ಕಳು. ಹಬ್ಬ ಮುಗಿದ ಮೇಲೆ ಧಾರವಾಡದ ಬಸ್ಸು ಹತ್ತಿದಳು.