ಗುಡ್ಡದ ಮೇಲೆ ಕರೆಂಟು ಹೋದಾಗ

ವಿಜಯನಗರದ ನಮ್ಮ ಬೀದಿಯಲ್ಲಿ ಕರೆಂಟು ಹೋದರೆ ನಾವು ಮೊದಲು ಟಾರ್ಚು ಹುಡುಕುವುದಿಲ್ಲ; ಕಿಟಕಿಯಿಂದ ಎದುರುಮನೆ ನೋಡುತ್ತೇವೆ. ಅಲ್ಲೂ ಕತ್ತಲಿದ್ದರೆ ಏನೋ ಸಮಾಧಾನ, ನಮ್ಮೊಬ್ಬರಿಗೇ ಹೋಗಿಲ್ಲವಲ್ಲ! ಕರೆಂಟು ಬಂದರೆ ಬೀದಿಗೆ ಬೀದಿಯೇ ‘ಹೋ’ ಎಂದು ಕೂಗುತ್ತದೆ. ನನ್ನ ಹೆಂಡತಿ ಗಿರಿಜೆಯ ಕೂಗು ಎಲ್ಲರಿಗಿಂತ ಜೋರು. ಹೈಸ್ಕೂಲು ಟೀಚರಾಗಿದ್ದವಳು, ಸ್ವಲ್ಪ ಮರ್ಯಾದೆ ಬೇಡವೇ ಎಂದು ನಾನು ಗೊಣಗುತ್ತಿದ್ದೆ. ಹೋದ ವರ್ಷ ಅವಳಿಗೆ ಶ್ವಾಸಕೋಶದ ಕಾಯಿಲೆ ಬಂತು. ನಾಲ್ಕು ಮಾತಾಡಿದರೆ ಏದುಸಿರು. ಆ ಕೂಗೂ ನಿಂತಿತು.

ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿ ಬೆಳ್ಳಗಿರುವುದನ್ನು ಒಮ್ಮೆ ನೋಡಬೇಕೆಂಬುದು ಅವಳ ಬಹುದಿನದ ಆಸೆ. ಮೈ ಬೆಚ್ಚಗಿರುವುದಾದರೆ ಹೋಗಿಬನ್ನಿ ಎಂದರು ಡಾಕ್ಟರು. ಕಾಮಾಕ್ಷಿಪಾಳ್ಯದ ಗ್ಯಾರೇಜಿನಲ್ಲಿ ಹಳೇ ವ್ಯಾನೊಂದಕ್ಕೆ ಮಂಚ, ನೆತ್ತಿಗೆ ಸೋಲಾರು, ಒಳಗೆ ಗ್ಯಾಸಿನ ಹೀಟರು ಹಾಕಿಸಿದೆ. ಉರಿಯ ಹೊಗೆ ಹೊರಗೆ ಹೋಗುತ್ತದೆ. ಬಿಸಿಗಾಳಿಯನ್ನು ಬ್ಯಾಟರಿಯಿಂದ ತಿರುಗುವ ಫ್ಯಾನು ಒಳಗೆ ಊದುತ್ತದೆ. ಜನವರಿಯಲ್ಲಿ ಊಟಿ ಕಡೆಯ ಒಂದು ಗುಡ್ಡ ಹತ್ತಿದೆವು. ಸುತ್ತ ಲೈಟುಕಂಬವೂ ಇರಲಿಲ್ಲ.

ಬ್ಯಾಟರಿ ವಿಷಯದಲ್ಲಿ ನಾನು ಪಂಡಿತ. ಮನೆಯ ಯುಪಿಎಸ್ ಬ್ಯಾಟರಿಗೆ ಕಾಲಕಾಲಕ್ಕೆ ನೀರು ಕುಡಿಸಿ ಸಾಕಿದವನಲ್ಲವೇ! ಟಿವಿ ಆರಿಸು, ಲೈಟು ಆರಿಸು, ಫ್ಯಾನೊಂದು ಇರಲಿ ಎಂಬುದು ನಮ್ಮ ಮನೆಯ ಶಾಸನ. ಗುಡ್ಡದಲ್ಲೂ ಅದನ್ನೇ ಪಾಲಿಸಿ, ಕತ್ತಲಲ್ಲೇ ಉಪ್ಪಿಟ್ಟು ತಿಂದು ಮಲಗಿದೆವು. ಆ ಪುಟ್ಟ ಲೈಟುಗಳು ಕುಡಿಯುವುದು ಎಷ್ಟು ಮಹಾ? ಬ್ಯಾಟರಿ ನುಂಗಿದ್ದು ನಾನು ನಂಬಿದ್ದ ಫ್ಯಾನೇ. ಮನೆಯಲ್ಲಾದರೆ ಅದರ ಹೊಟ್ಟೆ ಎಷ್ಟು ದೊಡ್ಡದೆಂದು ತಿಳಿಯುವ ಮೊದಲೇ ಕರೆಂಟು ಬಂದುಬಿಡುತ್ತದೆ.

ಬೆಳಗಾಗುವ ಮೊದಲು ಫ್ಯಾನು ನಿಂತಿತು, ಅದರ ಹಿಂದೆ ಹೀಟರೂ ಆರಿತು. ಸಿಲಿಂಡರಿನಲ್ಲಿ ಗ್ಯಾಸು ಬೇಕಾದಷ್ಟಿತ್ತು, ಊದುವವರಿಲ್ಲ. ಚಳಿ ಒಳಗೆ ಬಂದಂತೆ ಗಿರಿಜೆಯ ಎದೆ ಸಿಳ್ಳೆ ಹಾಕತೊಡಗಿತು. ಎಂಜಿನ್ ಹಚ್ಚಿದರೆ ಡೀಸೆಲ್ ಹೊಗೆ ಅವಳಿಗಾಗದು. ಕೆಳಗಿಳಿಯೋಣವೆಂದರೆ ಮಂಜಿನಲ್ಲಿ ರಸ್ತೆಯೇ ಕಾಣದು. ಇದ್ದ ರಗ್ಗುಗಳನ್ನೆಲ್ಲ ಹೊದಿಸಿದೆ. ಆಮೇಲೆ ಅಭ್ಯಾಸಬಲದಿಂದ ಪರದೆ ಸರಿಸಿ ಹೊರಗೆ ನೋಡಿದೆ.

“ಎದುರುಮನೇಲೂ... ಹೋಗಿದ್ಯೇನ್ರೀ?” ಎಂದಳು ಗಿರಿಜೆ, ಉಸಿರು ಹಿಡಿದು ಹಿಡಿದು.

ನಗು ಬರಲಿಲ್ಲ. ಹೊರಗೆ ಬರೀ ಮಂಜು. ನಮ್ಮ ಜೊತೆ ಕತ್ತಲಲ್ಲಿ ಕೂರಲು ಒಂದು ಮನೆಯೂ ಇರಲಿಲ್ಲ. ಅವಳ ಪಕ್ಕದಲ್ಲೇ ಕೂತಿದ್ದರೂ ಅವಳ ಪಾಲಿನ ಒಂದು ಉಸಿರನ್ನೂ ನಾನು ಎಳೆದುಕೊಡುವಂತಿರಲಿಲ್ಲ. ತುಂಬಾ ಹೆದರಿದೆ. ಕೈ ಹಿಡಿದುಕೊಂಡು ಸೂರ್ಯನಿಗಾಗಿ ಕಾದೆ.

ಸೂರ್ಯ ಬಂದ. ಮಂಜು ಸರಿದು ಬಿಸಿಲು ಸೋಲಾರಿನ ಮೇಲೆ ಬಿದ್ದು, ಎಷ್ಟೋ ಹೊತ್ತಿನ ಮೇಲೆ ಫ್ಯಾನು ಗುರ್ರೆಂದಿತು. ಬೆಚ್ಚನೆ ಗಾಳಿಗೆ ಅವಳ ಎದೆಯ ಸಿಳ್ಳೆ ನಿಧಾನಕ್ಕೆ ಇಳಿಯಿತು. ಎಬ್ಬಿಸಿ ಕಿಟಕಿಗೆ ಒರಗಿಸಿದೆ. ಗುಡ್ಡದ ನೆರಳಿದ್ದ ಕಡೆ ಹುಲ್ಲೆಲ್ಲ ಇನ್ನೂ ಬೆಳ್ಳಗಿತ್ತು. ಬಹಳ ಹೊತ್ತು ನೋಡಿದಳು. ಆಮೇಲೆ ಉಸಿರು ಕೂಡಿಸಿಕೊಂಡು, ಸಣ್ಣಗೆ, “ಹೋ” ಎಂದಳು.

ಗುಡ್ಡದಲ್ಲಿ ಮರುಕೂಗು ಹಾಕುವವರು ಯಾರೂ ಇರಲಿಲ್ಲ. ಬೀದಿ ಎಂದ ಮೇಲೆ ಎದುರುಮನೆ ಇರಬೇಕಲ್ಲ. ಮರ್ಯಾದೆ ಬದಿಗಿಟ್ಟು ನಾನೇ ಕೂಗಿದೆ.