ಗುಲಾಮ್ ಮುಹಮ್ಮದ್ ಸಾಹೇಬರ ಗಂಟಲು

ರಿಯಾದಿನ ಮಲಾಜ್‌ನಲ್ಲಿ ನಮ್ಮ ಮೇಲಿನ ಮಹಡಿಯಲ್ಲಿ ಭಟ್ಕಳದ ಗುಲಾಮ್ ಮುಹಮ್ಮದ್ ಸಾಹೇಬರು ಇದ್ದಾರೆ. ಕಂಬಳಿ, ಹಾಸಿಗೆ ಹೊದಿಕೆಗಳ ವ್ಯಾಪಾರ. ಮನುಷ್ಯ ಬಂಗಾರ, ಗಂಟಲು ಮಾತ್ರ ತಗಡು. ಊರಿಗೆ ಫೋನ್ ಹಚ್ಚಿ ಅವರು ಮಾತಾಡುವುದನ್ನು ಕೇಳಿದರೆ, ಇವರಿಗೆ ಫೋನ್ ಯಾಕೆ, ಕಿಟಕಿ ತೆರೆದರೆ ಸಾಲದೇ ಅನ್ನಿಸುತ್ತದೆ. ಭಟ್ಕಳದಲ್ಲಿ ಯಾರ ಮಗಳಿಗೆ ಗಂಡು ಗೊತ್ತಾಯಿತು, ಯಾರ ಬಾವಿಯಲ್ಲಿ ಉಪ್ಪುನೀರು ಬಂತು ಎಂಬುದೆಲ್ಲ ನಮಗೆ ಸೀಲಿಂಗಿನಿಂದಲೇ ತಿಳಿಯುತ್ತದೆ. ಅವರ ಹೆಂಡತಿ ವಾಜಿದಾ ಇದಕ್ಕೆ ತದ್ವಿರುದ್ಧ. ಎದುರು ಕೂತು ಮಾತಾಡಿದರೂ ಎರಡು ಸಲ ಕೇಳಿಸಿಕೊಳ್ಳಬೇಕು. ಅಲ್ಲಾಹನು ಆ ಮನೆಗೆ ಕೊಟ್ಟ ದನಿಯನ್ನೆಲ್ಲ ಗಂಡನೇ ಬಾಚಿಕೊಂಡ ಎಂದು ನನ್ನ ಹೆಂಡತಿ ಶಹಲಾ ಹೇಳುತ್ತಾಳೆ.

ಕಳೆದ ಜನವರಿಯ ರಜೆಯಲ್ಲಿ ಮಂಗಳೂರಿನ ಇಂಜಿನಿಯರ್ ಅಬ್ದುಲ್ ಬಾಸಿತ್ ನಮ್ಮ ನಾಲ್ಕೈದು ಕುಟುಂಬಗಳನ್ನು ತುವೈಕ್ ಬೆಟ್ಟಸಾಲಿನ ಒಂದು ಕಣಿವೆಗೆ ಕರೆದುಕೊಂಡು ಹೋದ. ಆತನಿಗೆ ನಡೆಯುವ ಹುಚ್ಚು. ನಾನೋ, ಮೂಲೆಯ ಬಕಾಲೆ ಅಂಗಡಿಯಿಂದ ಹಾಲು ತರುವುದಕ್ಕೂ ಕಾರು ತೆಗೆಯುವವನು. ಶಹಲಾಳ ಕಾಟ ತಡೆಯಲಾರದೆ ಹೊರಟೆ. ಸಾಹೇಬರು ತಮ್ಮ ವ್ಯಾನಿನಲ್ಲಿ ರತ್ನಗಂಬಳಿ, ದಿಂಬು, ಗ್ಯಾಸ್ ಒಲೆ, ತುಪ್ಪದನ್ನದ ಹಂಡೆ ಎಲ್ಲವನ್ನೂ ಹೇರಿಕೊಂಡು ಬಂದಿದ್ದರು. ಇದು ಕ್ಯಾಂಪಿಂಗೋ, ಮನೆ ಖಾಲಿ ಮಾಡುವುದೋ ತಿಳಿಯಲಿಲ್ಲ.

ಡೇರೆ ಹಾಕಿ, ಊಟ ಮುಗಿಸಿ ಕಣಿವೆಯೊಳಗೆ ನಡೆಯಲು ಹೊರಟೆವು. ಎರಡೂ ಕಡೆ ಕೆಂಗಂದು ಬಂಡೆಯ ಗೋಡೆ, ನಡುವೆ ಒಣಗಿದ ಹೊಳೆಯ ದಾರಿ. ಸ್ವಲ್ಪ ದೂರದಲ್ಲಿ ಅದು ಎಡಕ್ಕೂ ಬಲಕ್ಕೂ ಕವಲೊಡೆಯುತ್ತದೆ. ಸಾಹೇಬರು ಎಲ್ಲರಿಗಿಂತ ಮುಂದೆ, ತಾವೂ ಮೊದಲ ಸಲ ನೋಡುತ್ತಿದ್ದ ಕಣಿವೆಯನ್ನು ನಮಗೆ ವಿವರಿಸುತ್ತ ನಡೆದರು. ವಾಜಿದಾ ಎಲ್ಲರಿಗಿಂತ ಹಿಂದೆ, ಕಂಡ ಗಿಡವನ್ನೆಲ್ಲ ಮುಟ್ಟಿ ಮೂಸಿ ನೋಡುತ್ತ ಬರುತ್ತಿದ್ದರು.

ಇಳಿಹೊತ್ತಿನ ಅಸರ್ ನಮಾಜಿನ ಸಮಯಕ್ಕೆ ಡೇರೆಗೆ ಮರಳಿದಾಗ ವಾಜಿದಾ ಇರಲಿಲ್ಲ. ಗಂಡನ ಜೊತೆ ಇದ್ದಾರೆಂದು ಹೆಂಗಸರು, ಹೆಂಗಸರ ಜೊತೆ ಇದ್ದಾಳೆಂದು ಗಂಡ. ಮೊಬೈಲಿಗೆ ಸಿಗ್ನಲ್ ಇಲ್ಲ. ಚಳಿಗಾಲದ ಸೂರ್ಯ ಆಗಲೇ ಬಂಡೆಯ ಅಂಚಿಗೆ ಬಂದಿದ್ದ, ಕತ್ತಲಾದರೆ ಅಲ್ಲಿ ಹಲ್ಲು ಕಟಕಟಿಸುವ ಚಳಿ. ಆಕೆಗೆ ಸಕ್ಕರೆ ಕಾಯಿಲೆ ಬೇರೆ, ಮಾತ್ರೆಗಳು ಸಾಹೇಬರ ಜೇಬಿನಲ್ಲಿ.

ಮಕ್ಕಳನ್ನು ಉಳಿದವರ ವಶಕ್ಕೆ ಕೊಟ್ಟು ಸಾಹೇಬರು, ಬಾಸಿತ್, ಶಹಲಾ, ನಾನು ಹುಡುಕಲು ಹೊರಟೆವು. "ವಾಜಿದಾ" ಎಂದು ಸಾಹೇಬರು ಕೂಗಿದರು. ಆ ಗಂಟಲು ಹುಟ್ಟಿದ್ದೇ ಈ ದಿನಕ್ಕೆ ಎಂದು ನನಗೆ ಧೈರ್ಯ ಬಂತು. ಆದರೆ ಬಂಡೆಗಳು ಆ ಕೂಗನ್ನು ನಾಲ್ಕು ಕಡೆಯಿಂದ ತಿರುಗಿ ಎಸೆದವು. ಅದು ಅಡಗುವ ಮೊದಲೇ ಅವರು ಇನ್ನೊಂದು ಸಲ ಕೂಗುತ್ತಿದ್ದರು. ಅವರ ಪಕ್ಕದಲ್ಲಿದ್ದ ನಮಗೆ ಬೇರೇನೂ ಕೇಳಿಸುತ್ತಿರಲಿಲ್ಲ.

ಎಡದ ಕವಲಿನೊಳಗೆ ಒಂದಿಷ್ಟು ದೂರ ಹೋಗಿ ನೋಡಿಬಂದ ಬಾಸಿತ್, "ಈ ಬದಿಗೆ ಬರ್ಲಿಲ್ಲ ಅವ್ರು. ಅಲ್ಲಿ ಒಳಗೆ ಅರಬ್ಬಿಯವರ ಫ್ಯಾಮಿಲಿ ಉಂಟು ಕಾಣ್ತದೆ. ಹೆಂಗ್ಸೊಬ್ರು ಮಗನನ್ನು ಕರೀತಾ ಇರುದು ಕೇಳ್ತದೆ" ಎಂದ. ನಾವು ಬಲಕ್ಕೆ ತಿರುಗಿದೆವು. ಬಂಡೆಯ ಬಣ್ಣ ಬೂದಿಗೆ ತಿರುಗಿತು, ವಾಜಿದಾ ಮಾತ್ರ ಸಿಗಲಿಲ್ಲ. ಕೊನೆಗೆ ಸಾಹೇಬರ ಗಂಟಲು ಒಡೆದೇಹೋಯಿತು. ಅಲ್ಲೇ ಒಂದು ಕಲ್ಲಿನ ಮೇಲೆ ಕೂತು, "ಇವಳನ್ನು ಬಿಟ್ಟು ನಾನು ಮನೆಗೆ ಹೇಗೆ ಹೋಗುದು?" ಎಂದು ಅತ್ತರು. ಆ ಮನುಷ್ಯ ಪಿಸುದನಿಯಲ್ಲಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಕೇಳಿ ತಡೆಯಲಾಗಲಿಲ್ಲ.

"ಆ ಅರಬ್ಬಿಯವರ ಹತ್ರ ಸಹಾಯ ಕೇಳುವ. ಅವ್ರಿಗೆ ದಾರಿ ಗೊತ್ತಿರ್ತದೆ" ಎಂದಳು ಶಹಲಾ.

"ಹೌದು, ಹುಝೈಫಾನ ಅಮ್ಮನನ್ನೇ ಕೇಳುವ" ಎಂದ ಬಾಸಿತ್.

ಸಾಹೇಬರು ತಲೆ ಎತ್ತಿದರು. "ಯಾರ ಅಮ್ಮ?"

"ಅದೇ, ಮಗನನ್ನು ಕರೀತಾ ಇದ್ರಲ್ಲ. ಹುಝೈಫಾ, ಹುಝೈಫಾ ಅಂತ."

ಸಾಹೇಬರು ಎದ್ದು ನಿಂತರು. "ಅದು ನಾನು ಮಾರಾಯ" ಎಂದರು.

ಹುಝೈಫಾ ಅವರ ಹಿರಿಯ ಮಗ, ದುಬೈಯಲ್ಲಿದ್ದಾನೆ. ಬಾಸಿತ್ ಅವನನ್ನು ಕಂಡವನಲ್ಲ, ಹೆಸರನ್ನೂ ಕೇಳಿದವನಲ್ಲ. ನಮ್ಮ ಕಡೆಯ ಹಳೆಯ ಕ್ರಮದ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ, ಹಿರಿಮಗನ ಹೆಸರು ಹಿಡಿದು ಕರೆಯುತ್ತಾರೆ. ಮಗ ಅಂಗಳದಲ್ಲಿರಲಿ, ಬೇರೆ ದೇಶದಲ್ಲಿರಲಿ, ಓಗೊಡುವವನು ಗಂಡ. ನನ್ನ ಶಹಲಾಗೆ ಈ ರಗಳೆಯಿಲ್ಲ. ಹೆಸರು ಹಿಡಿದೇ ಕರೆಯುತ್ತಾಳೆ, ಸಿಟ್ಟು ಬಂದರೆ ಅದಕ್ಕಿಂತ ಕೆಳಗೂ ಇಳಿಯುತ್ತಾಳೆ. ಆದರೆ ವಾಜಿದಾ ಮದುವೆಯ ಮರುವರ್ಷ ಮಗ ಹುಟ್ಟಿದಂದಿನಿಂದ ಗಂಡನನ್ನು ಹಾಗೆಯೇ ಕರೆದವರು.

ಅರವತ್ತರ ಸಾಹೇಬರು ಆ ಕಲ್ಲುಗಳ ಮೇಲೆ ಓಡಿದ್ದನ್ನು ನೋಡಿ ನನಗೆ ನಾಚಿಕೆಯಾಯಿತು. ಎಡದ ಕವಲಿನ ಬಾಯಿಗೆ ಬಂದು ಮತ್ತೆ ಕೂಗಲು ಬಾಯಿ ತೆರೆದರು. ಶಹಲಾ ಅವರ ತೋಳು ಹಿಡಿದಳು. "ನೀವೀಗ ಸುಮ್ನಿರಿ. ಅವ್ರು ಕರೀಲಿ."

ಸಾಹೇಬರು ಅಂಗೈಯಿಂದ ಬಾಯಿ ಮುಚ್ಚಿಕೊಂಡರು. ನಾವು ಕಿವಿಗೊಟ್ಟು ನಿಂತೆವು. ಒಳಗಿನಿಂದ ತೆಳ್ಳಗೆ, ಎಳೆದೆಳೆದು ಬಂತು: "ಹುಝೈಫಾ..."

ಆ ದನಿಯ ಜಾಡು ಹಿಡಿದು ನಡೆದೆವು. ಸ್ವಲ್ಪ ಒಳಗೆ ಒಂದು ಜಾಲಿಮರದ ಬುಡದಲ್ಲಿ ವಾಜಿದಾ ಕಾಲು ಚಾಚಿ ಕೂತಿದ್ದರು. ಪಾದ ಉಳುಕಿ ಊದಿತ್ತು, ಅಷ್ಟೇ. ನನಗೆ ಹೋದ ಜೀವ ಬಂದಂತಾಯಿತು. ಬಾಸಿತ್ "ಅಲ್‌ಹಮ್ದುಲಿಲ್ಲಾ" ಎಂದು ನೆಲದಲ್ಲೇ ಕುಕ್ಕರಿಸಿದ. ಶಹಲಾ ವಾಜಿದಾರನ್ನು ತಬ್ಬಿಕೊಂಡು ಅಳುತ್ತ ನಗುತ್ತಿದ್ದಳು. ಸಾಹೇಬರು ನೀರು ಕೊಟ್ಟರು, ಬಾಸಿತ್‌ನ ಚೀಲದಿಂದ ಖರ್ಜೂರ ತೆಗೆದು ತಿನ್ನಿಸಿದರು, ತಮ್ಮ ಜಾಕೆಟ್ ಕಳಚಿ ಹೊದಿಸಿದರು. ಎಲ್ಲ ಮುಗಿದ ಮೇಲೆ ಅವರಿಗೆ ಸಿಟ್ಟು ಬಂತು.

"ಇಂಥ ಜಾಗದಲ್ಲಾದ್ರೂ ಒಂದು ಸಲ ಗುಲಾಮ್ ಮುಹಮ್ಮದ್ ಅಂತ ಕೂಗಿದ್ರೆ ಎಂತ ಆಗ್ತಿತ್ತು? ಈ ಬಾಸಿತ್ ಆಗ್ಲೇ ಬಂದು ಕರ್ಕೊಂಡು ಹೋಗ್ತಿದ್ದ. ಯಾರಾದ್ರೂ ಬರ್ತಿದ್ರು."

ವಾಜಿದಾ ಸೆರಗು ಸರಿಮಾಡಿಕೊಂಡರು. ಗಂಡನ ಮುಖ ನೋಡದೆ, ಎಂದಿನ ಮೆಲ್ಲನೆಯ ದನಿಯಲ್ಲಿ ಹೇಳಿದರು:

"ಯಾರಾದ್ರೂ ಬರ್ಲಿ ಅಂತ ನಾನು ಕರ್ದದ್ದಲ್ಲ."