ಐದು ಮನೆಗಿಂತ ತುಸು ಮೇಲೆ

ಸದ್ದು ಅಡಗಿಸುವುದು ನನ್ನ ಕಸುಬು. ಸ್ವೀಡನ್ನಿನ ವೆಸ್ಟೆರಾಸ್‌ನ ಒಂದು ಕಂಪನಿಯಲ್ಲಿ ಹದಿನೇಳು ವರ್ಷಗಳಿಂದ ಟ್ರಾನ್ಸ್‌ಫಾರ್ಮರ್‌ಗಳ ಗುಂಯ್ ಎನ್ನುವ ಸದ್ದನ್ನು ಕಡಿಮೆ ಮಾಡುವ ಎಂಜಿನಿಯರ್ ನಾನು. ಯಾವುದೋ ಊರಿನ ಯಾರೋ ಮುದುಕರು ‘ಈ ಗುಂಯ್‌ಗೆ ನನಗೆ ನಿದ್ದೆ ಬರುತ್ತಿಲ್ಲ’ ಎಂದು ಕೊಮ್ಯೂನ್ ಎಂಬ ಊರಾಡಳಿತದ ಕಚೇರಿಗೆ ಪತ್ರ ಬರೆದರೆ, ಅಳತೆಯ ಪೆಟ್ಟಿಗೆ ಹಿಡಿದುಕೊಂಡು ಹೋಗಿ ಬೇಲಿಯ ಪಕ್ಕ ನಿಲ್ಲುವವನು ನಾನೇ. ಈ ದೇಶದ ಕರೆಂಟು ಯಾವ ಸ್ವರದಲ್ಲಿ ಗುನುಗುತ್ತದೆ ಎಂದು ನನ್ನಷ್ಟು ಚೆನ್ನಾಗಿ ಬಲ್ಲವರು ಕಡಿಮೆ ಎಂದು ಕನ್ನಡ ಸಂಘದ ಊಟಗಳಲ್ಲಿ ಹೇಳಿಕೊಂಡಿದ್ದೇನೆ. ಯಾರೂ ಕೇಳಿರಲಿಲ್ಲ, ಆದರೂ ಹೇಳಿಕೊಂಡಿದ್ದೇನೆ. ಆ ಮಾತು ಮುಂದೆ ನನ್ನ ಮುಖಕ್ಕೇ ಬಂದು ಬಡಿಯಿತಾದ್ದರಿಂದ ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ನನ್ನ ಹೆಂಡತಿ ನಿವೇದಿತಾ ಹಾಸನದವಳು. ಮದುವೆಗೆ ಮೊದಲು ಹನ್ನೊಂದು ವರ್ಷ ಕನಕವಲ್ಲಿ ಟೀಚರ್ ಹತ್ತಿರ ಸಂಗೀತ ಕಲಿತವಳು. ನಾವು ಹೆಣ್ಣು ನೋಡಲು ಹೋದ ದಿನ ಅವಳ ಸೋದರಮಾವ ಹೆಮ್ಮೆಯಿಂದ, “ನಮ್ಮ ಹುಡುಗಿದು ಐದು ಮನೆ” ಎಂದರು. ನನ್ನ ಅಪ್ಪನ ಮುಖ ಅರಳಿತು. ಕಾರಿನಲ್ಲಿ ವಾಪಸು ಬರುವಾಗ, “ಎಲ್ಲ ಬಾಡಿಗೆಗೆ ಕೊಟ್ಟಿರಬೇಕು” ಎಂದರು. ಹಾಡುವವರು ತಮ್ಮ ಶ್ರುತಿಯ ಎತ್ತರವನ್ನು ಮನೆಗಳಲ್ಲಿ ಲೆಕ್ಕ ಹಾಕುತ್ತಾರೆ, ಐದು ಮನೆ ಎಂದರೆ ಹೆಂಗಸರಿಗೆ ಸಹಜವಾದ ಒಂದು ಶ್ರುತಿ, ಅದಕ್ಕೂ ಸೈಟಿಗೂ ಸಂಬಂಧವಿಲ್ಲ ಎಂದು ನಮಗೆ ಗೊತ್ತಾಗುವ ಹೊತ್ತಿಗೆ ನಿಶ್ಚಿತಾರ್ಥ ಮುಗಿದಿತ್ತು.

ಮದುವೆಯಾದ ವಾರದಲ್ಲಿ ಆಶೀರ್ವಾದ ಕೇಳಲು ಹೋದಾಗ ಕನಕವಲ್ಲಿ ಟೀಚರ್ ಒಂದು ಮಾತು ಹೇಳಿದ್ದರು. “ಎಲ್ಲ ಇದೆ ನಿನ್ನ ಹತ್ರ. ಷಡ್ಜ ಮಾತ್ರ ಇನ್ನೂ ಕೂತಿಲ್ಲ ಕಣೇ.” ಷಡ್ಜವೆಂದರೆ ಮೊದಲ ಸ್ವರ, ಉಳಿದ ಆರೂ ಅದನ್ನೇ ನಂಬಿಕೊಂಡಿರುತ್ತವೆ. ನಿವೇದಿತಾ ಆ ಮಾತನ್ನು ಸ್ವೀಡನ್ನಿಗೆ ತಂದಳು. ಇಲ್ಲಿ ದಾಗಿಸ್ ಎಂಬ ಶಿಶುವಿಹಾರದಲ್ಲಿ ಕೆಲಸಕ್ಕೆ ಸೇರಿ, ದಿನವಿಡೀ ಪುಟ್ಟ ಮಕ್ಕಳಿಗೆ ಚಳಿಬಟ್ಟೆ ಹಾಕಿ ಬಿಚ್ಚಿ, ಸ್ವೀಡಿಷ್ ಹಾಡು ಹೇಳಿಕೊಟ್ಟು ಮನೆಗೆ ಬರುತ್ತಿದ್ದಳು. ತನ್ನ ಹಾಡು ಹಾಡುತ್ತಿದ್ದುದು ಅಡುಗೆ ಮಾಡುವಾಗ ಮಾತ್ರ. ವೇದಿಕೆ ಹತ್ತಲು ಕರೆದರೆ, “ಇಲ್ಲ, ಪ್ರಾಕ್ಟೀಸ್ ಇಲ್ಲ” ಎನ್ನುತ್ತಿದ್ದಳು.

ಕಳೆದ ಸೆಪ್ಟೆಂಬರಿನಲ್ಲಿ ಟೀಚರ್ ಅವರಿಂದ ವಾಟ್ಸಾಪ್‌ನಲ್ಲಿ ಒಂದು ದನಿ ಸಂದೇಶ ಬಂತು. ಡಿಸೆಂಬರಿಗೆ ಎಂಬತ್ತು ತುಂಬುತ್ತದೆ, ಹಾರ ಶಾಲು ಏನೂ ಬೇಡ, ಪ್ರತಿ ಶಿಷ್ಯೆಯೂ ಒಂದು ದೇವರನಾಮ ಹಾಡಿ ನವೆಂಬರ್ ಮುಗಿಯುವುದರೊಳಗೆ ಕಳಿಸಬೇಕು, ಕಿವಿ ನೆಟ್ಟಗಿರುವಾಗಲೇ ಎಲ್ಲರದ್ದೂ ಒಮ್ಮೆ ಕೇಳಬೇಕು ಎಂದಿದ್ದರು. “ನಿಂದೂ ಬರ್ಲಿ ನಿವೇದಿತಾ, ತಪ್ಪಿಸಬೇಡ” ಎಂದು ಹೆಸರು ಹಿಡಿದು ಹೇಳಿದ್ದರು. ನಿವೇದಿತಾ ಅದನ್ನು ನಾಲ್ಕು ಸಲ ಕೇಳಿದಳು.

“ಫೋನಲ್ಲೇ ರೆಕಾರ್ಡ್ ಮಾಡಿ ಕಳಿಸ್ಬಿಡ್ತೀನಿ” ಎಂದಳು.

ಅಲ್ಲಿಗೆ ಸುಮ್ಮನಿದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ನಾನು, “ಫೋನಲ್ಲಾ?” ಎಂದೆ. ಅವಳೇನೋ ದೇವರಿಗೆ ಪ್ಲಾಸ್ಟಿಕ್ ಹೂ ಏರಿಸುತ್ತೇನೆ ಎಂದಂತೆ ನೋಡಿದೆ. “ಸೌಂಡ್ ಎಂಜಿನಿಯರ್ ಗಂಡನ್ನ ಇಟ್ಕೊಂಡು ಫೋನಲ್ಲಾ?” ನಾನು ಸೌಂಡ್ ಎಂಜಿನಿಯರ್ ಅಲ್ಲ. ಆದರೆ ಆಗ ಆ ವ್ಯತ್ಯಾಸ ಬಹಳ ಸಣ್ಣದಾಗಿ ಕಂಡಿತು.

ಸಲಹೆಗೆ ಉಪ್ಸಾಲಾದಿಂದ ಗೆಳೆಯ ಶ್ರೀನಾಥನನ್ನು ಕರೆಸಿದೆ. ಅವನು ಔಷಧಿ ಕಂಪನಿಯಲ್ಲಿ ಸಂಶೋಧಕ. ಮನೆಯಲ್ಲಿ ಸ್ಟುಡಿಯೋ ಕಟ್ಟಿಕೊಂಡಿದ್ದಾನೆ. ಮೈಕುಗಳ ಬಗ್ಗೆ ಅವನಿಗಿರುವ ಜ್ಞಾನ ಎಂಥದ್ದೆಂದರೆ ಆರು ವರ್ಷಗಳಲ್ಲಿ ಒಂದು ಹಾಡನ್ನೂ ರೆಕಾರ್ಡ್ ಮಾಡಲು ಪುರುಸೊತ್ತಾಗಿಲ್ಲ. ಅವನು ಬಂದು ಮನೆಯೆಲ್ಲ ಸುತ್ತಿ, ಅಲ್ಲಲ್ಲಿ ಚಪ್ಪಾಳೆ ತಟ್ಟಿ ಪ್ರತಿಧ್ವನಿ ಕೇಳಿ, ಕೋಟುಗಳನ್ನು ನೇತುಹಾಕುವ ಕೋಣೆಯೇ ಸರಿ ಎಂದು ತೀರ್ಪು ಕೊಟ್ಟ. ನಾನು ಅಲ್ಲಿದ್ದ ಚಳಿಗಾಲದ ಕೋಟು, ಸೂಟ್‌ಕೇಸು, ಒಂದೇ ಸಲ ಬಳಸಿದ ಸ್ಕೀ ಎಲ್ಲವನ್ನೂ ಹಾಲಿಗೆ ಸಾಗಿಸಿ, ಗೋಡೆಗೆ ಸ್ಪಂಜಿನ ಹಲಗೆ ಅಂಟಿಸಿದೆ. ಮರುವಾರ ಶ್ರೀನಾಥ ಫೋನ್ ಮಾಡಿ, ದಪ್ಪ ಕೋಟುಗಳು ಸ್ಪಂಜಿಗಿಂತ ಚೆನ್ನಾಗಿ ಸದ್ದು ಹೀರುತ್ತವೆ ಎಂದು ಎಲ್ಲೋ ಓದಿದೆ ಎಂದ. ಕೋಟುಗಳು ವಾಪಸು ಒಳಗೆ ಹೋದವು.

ಮೈಕ್ ಆರಿಸಲು ಮೂರು ವಾರ ಹಿಡಿಯಿತು. ಕಂಪ್ಯೂಟರಿನಲ್ಲಿ ಒಂದು ಪಟ್ಟಿ ಮಾಡಿದೆ. ಅದರಲ್ಲಿ ಹದಿನಾಲ್ಕು ಕಾಲಂ ಇದ್ದವು, ‘ಹೆಂಡತಿಯ ಅಭಿಪ್ರಾಯ’ ಎಂಬ ಕಾಲಂ ಇರಲಿಲ್ಲ. ಮೂರು ಮೈಕ್ ತರಿಸಿ ಪ್ರತಿಯೊಂದರ ಮುಂದೆಯೂ ಶಾಲೆಯ ವಾರ್ಷಿಕೋತ್ಸವದಲ್ಲಿ ನಿಂತವನ ಹಾಗೆ “ಹಲೋ, ಮೈಕ್ ಟೆಸ್ಟಿಂಗ್” ಎಂದು ಕೂಗಿದೆ. ಮೂರರಲ್ಲೂ ನನ್ನ ದನಿ ಒಂದೇ ರೀತಿ ಕೆಟ್ಟದಾಗಿತ್ತು. ಕೊನೆಗೆ ಉಸಿರಾಟವೂ ಕೇಳುವಷ್ಟು ಸೂಕ್ಷ್ಮವಾದ ಒಂದನ್ನು ಇಟ್ಟುಕೊಂಡು ಉಳಿದವನ್ನು ವಾಪಸು ಕಳಿಸಿದೆ. ಆಮೇಲೆ ಮೈಕಿನ ದನಿಯನ್ನು ಕಂಪ್ಯೂಟರಿಗೆ ದಾಟಿಸುವ ಪುಟ್ಟ ಪೆಟ್ಟಿಗೆ, ಕಿವಿಯನ್ನು ಪೂರ್ತಿ ಮುಚ್ಚುವ ಹೆಡ್‌ಫೋನ್, ಎರಡು ಮಾನಿಟರ್ ಸ್ಪೀಕರ್ ಬಂದವು.

“ಮಾನಿಟರ್ ಯಾಕೆ?” ಎಂದಳು ನಿವೇದಿತಾ. “ಕ್ಲಾಸಲ್ಲಿ ಯಾರು ಗಲಾಟೆ ಮಾಡ್ತಾರೆ ಅಂತ ಬೋರ್ಡ್ ಮೇಲೆ ಬರೆಯೋಕಾ?”

ನಾನು ನಗಲಿಲ್ಲ. ಸ್ಟುಡಿಯೋ ಮಾಲೀಕನಿಗೆ ಒಂದು ಗಾಂಭೀರ್ಯ ಬೇಕು.

ರೆಕಾರ್ಡಿಂಗಿನ ಮೊದಲ ದಿನ ಮನೆಯ ಸದ್ದುಗಳನ್ನೆಲ್ಲ ಹುಡುಕಿ ಹುಡುಕಿ ನಿಲ್ಲಿಸಿದೆ. ಗೋಡೆ ಗಡಿಯಾರದ ಸೆಲ್ ತೆಗೆದೆ. ಫ್ರಿಜ್ ಆಫ್ ಮಾಡಿದೆ. ಅದನ್ನು ಮತ್ತೆ ಆನ್ ಮಾಡಲು ಮರೆತು ಒಂದು ಡಬ್ಬಿ ಹಾಲು ಕೆಟ್ಟಿದ್ದು ಬೇರೆ ಮಾತು. ನನ್ನ ಅಳತೆಯ ಪೆಟ್ಟಿಗೆಯನ್ನು ಕೋಣೆಯಲ್ಲಿಟ್ಟರೆ ಮುಳ್ಳು ಏಳಲೇ ಇಲ್ಲ. ಇಷ್ಟು ನಿಶ್ಶಬ್ದವಾದ ಕೋಣೆ ಇಡೀ ವೆಸ್ಟೆರಾಸ್‌ನಲ್ಲಿಲ್ಲ ಎಂದು ಬೀಗಿದೆ. ಕೋಟುಗಳ ನಡುವೆ, ಕಿವಿ ಮುಚ್ಚಿಕೊಂಡು, ಮೂಗಿನ ಮುಂದೆ ಮೈಕ್ ಇಟ್ಟುಕೊಂಡು ನಿವೇದಿತಾ ನಿಂತಳು. ಫೋನಿನ ತಂಬೂರಿ ಆಪ್‌ನಲ್ಲಿ ಐದು ಮನೆ ಒತ್ತಿ ಹೆಡ್‌ಫೋನಿಗೆ ತಂಬೂರಿ ಬಿಟ್ಟೆ.

ಅವಳು ಷಡ್ಜ ಹಿಡಿದಳು, ಬಿಟ್ಟಳು. ಮತ್ತೆ ಹಿಡಿದಳು. “ಶ್ರುತಿ ಸ್ವಲ್ಪ ಇಳಿದಿದೆ ಅನ್ಸುತ್ತೆ ರೀ.”

“ಆಪ್ ಯಾಕೆ ತಪ್ಪು ಹೇಳುತ್ತೆ? ಐದು ಮನೆ ಅಂದ್ರೆ ಐದು ಮನೆ.”

“ಐದೂವರೆ ಹಾಕಿ ನೋಡೋಣ.”

ಹಾಕಿದೆ. “ಅಯ್ಯೋ, ಇದು ಜಾಸ್ತಿ ಆಯ್ತು” ಎಂದಳು.

“ಎರಡೂ ಆಗಲ್ಲ ಅಂದ್ರೆ ಪ್ರಾಬ್ಲಂ ಆಪ್‌ದಲ್ಲ ನಿವೇದಿತಾ” ಎಂದೆ. ಈ ವಾಕ್ಯವನ್ನು ಹೇಗಾದರೂ ವಾಪಸು ತೆಗೆದುಕೊಳ್ಳಲು ಸಾಧ್ಯವಿದ್ದರೆ ಮೈಕನ್ನೂ ಮಾನಿಟರುಗಳನ್ನೂ ಕೊಟ್ಟುಬಿಡುತ್ತೇನೆ.

ಹೀಗೆ ಎಂಟು ಸಲ ಪ್ರಯತ್ನವಾಯಿತು. ಪ್ರತಿ ಸಲವೂ ನಾನು ಮೈಕನ್ನು ಒಂದಿಷ್ಟು ಆಚೆ ಈಚೆ ಸರಿಸಿದೆ, ಅವಳ ದನಿ ಒಂದಿಷ್ಟು ಸಣ್ಣದಾಯಿತು. ಒಂದು ಸಂಜೆ ಅವಳು ಅಡುಗೆಮನೆಯಲ್ಲಿ ಹಾಡುತ್ತಿದ್ದಾಗ ಹಾಲಿನಿಂದಲೇ, “ಪಂಚಮ ಸ್ವಲ್ಪ ಅಲ್ಲಾಡ್ತು ನೋಡು, ಸ್ಟುಡಿಯೋದಲ್ಲಿ ಹುಷಾರು” ಎಂದೆ. ಆ ದಿನದಿಂದ ಅಡುಗೆಮನೆಯಲ್ಲೂ ಹಾಡು ನಿಂತಿತು.

ನವೆಂಬರ್ ಮುಗಿಯಲು ಆರು ದಿನವಿರುವಾಗ ಅವಳು ಹೆಡ್‌ಫೋನ್ ತೆಗೆದು ಕೋಟಿನ ಕೊಕ್ಕೆಗೆ ನೇತುಹಾಕಿದಳು. “ಗಂಟಲು ಕೆಟ್ಟಿದೆ ಅಂತ ಟೀಚರ್‌ಗೆ ಹೇಳ್ಬಿಡ್ತೀನಿ. ಅವರು ಹೇಳಿದ್ದು ಸರಿ ರೀ. ನನ್ನ ಷಡ್ಜ ಅವತ್ತೂ ಕೂತಿರ್ಲಿಲ್ಲ, ಇವತ್ತೂ ಕೂತಿಲ್ಲ” ಎಂದಳು. ಅಳಲಿಲ್ಲ. ಅತ್ತಿದ್ದರೆ ಸಮಾಧಾನ ಹೇಳಬಹುದಿತ್ತು. ಹದಿನೇಳು ವರ್ಷ ಸದ್ದು ಅಡಗಿಸಿ ಅಡಗಿಸಿ ಕೊನೆಗೆ ಮನೆಯಲ್ಲಿದ್ದ ಒಂದೇ ಒಂದು ಒಳ್ಳೆಯ ಸದ್ದನ್ನೂ ಅಡಗಿಸಿದೆನಲ್ಲ ಎಂದುಕೊಂಡೆ.

ಮರುದಿನ ಮಧ್ಯಾಹ್ನ ರಜೆ ಹಾಕಿ ಬಟ್ಟೆ ಒಗೆಯಲು ಕಟ್ಟಡದ ನೆಲಮಾಳಿಗೆಗೆ ಹೋದೆ. ಅಲ್ಲಿ ಎಲ್ಲ ಮನೆಗಳಿಗೂ ಸೇರಿ ಒಂದೇ ಒಗೆಯುವ ಕೋಣೆ. ಮುಂದಿನ ಸರದಿ ನಮ್ಮ ಮೇಲಿನ ಮನೆಯ ಗುನ್ನೆಲ್ ಎಂಬ ಹೆಂಗಸಿನದು. ಎಪ್ಪತ್ತು ದಾಟಿದವರು. ಒಂಬತ್ತು ವರ್ಷಗಳಲ್ಲಿ ನಮ್ಮಿಬ್ಬರ ನಡುವೆ ‘ಹೇಯ್’ ಎಂಬ ಇಲ್ಲಿನ ನಮಸ್ಕಾರ ಬಿಟ್ಟು ಬೇರೆ ಮಾತಾಗಿರಲಿಲ್ಲ. ಅಂಥವರು ಬುಟ್ಟಿ ಕೆಳಗಿಟ್ಟು ನನ್ನತ್ತ ತಿರುಗಿದರು. ನನ್ನ ಮಾನಿಟರುಗಳ ಬಗ್ಗೆ ದೂರೇ ಇರಬೇಕು, ಈಗ ಯಾರೋ ಪೆಟ್ಟಿಗೆ ಹಿಡಿದು ನನ್ನ ಮನೆಯ ಬೇಲಿಗೆ ಬರುತ್ತಾರೆ ಎಂದುಕೊಂಡೆ.

“ನಿಮ್ಮ ಹೆಂಡತಿಗೆ ಹುಷಾರಿಲ್ಲವೆ?” ಎಂದು ಅವರು ಸ್ವೀಡಿಷ್‌ನಲ್ಲಿ ಕೇಳಿದರು. “ಮೂರು ವಾರದಿಂದ ಹಾಡೇ ಕೇಳುತ್ತಿಲ್ಲ.”

ಅವರ ಅಡುಗೆಮನೆಗೂ ನಮ್ಮದಕ್ಕೂ ಗಾಳಿಯ ಕೊಳವೆ ಒಂದೇ. ನಾಲ್ಕೂವರೆಗೆ ಕಾಫಿ ಹಿಡಿದು ಅದರ ಕೆಳಗೆ ಕೂರುವುದು ಅವರ ವರ್ಷಗಳ ಅಭ್ಯಾಸವಂತೆ. “ಮೊದಲು ನಿಮ್ಮ ಫ್ಯಾನ್ ಶುರುವಾಗುತ್ತದೆ. ಆಮೇಲೆ ಅವರು ಅದರ ಜೊತೆ ಮೆಲ್ಲಗೆ ಗುನುಗಿ, ಅದು ಸಿಕ್ಕಿದ ಮೇಲೆ ಹಾಡುತ್ತಾರೆ. ನಾನು ಚರ್ಚಿನ ಮೇಳದಲ್ಲಿ ಹಾಡುತ್ತಿದ್ದೆ. ನಾವು ಪಿಯಾನೋದಿಂದ ಸ್ವರ ತೆಗೆದುಕೊಳ್ಳುತ್ತಿದ್ದೆವು. ಅವರು ಫ್ಯಾನಿನಿಂದ ತೆಗೆದುಕೊಳ್ಳುತ್ತಾರೆ, ಅಲ್ಲವೆ?” ಎಂದರು.

ಒದ್ದೆ ಬಟ್ಟೆಯನ್ನು ಅಲ್ಲೇ ಬಿಟ್ಟು ಮೆಟ್ಟಿಲು ಹತ್ತಿ ಓಡಿದೆ.

ನಮ್ಮ ಒಲೆಯ ಮೇಲಿನ ಫ್ಯಾನಿನ ಬಗ್ಗೆ ಹೇಳಬೇಕು. ಸಾಸಿವೆ, ಒಣಮೆಣಸಿನಕಾಯಿ ಹಾಕಿ ಒಗ್ಗರಣೆ ಕೊಟ್ಟರೆ ಹಾಲಿನಲ್ಲಿರುವ ಹೊಗೆಯ ಅಲಾರಂ ಬಡಿದುಕೊಳ್ಳುತ್ತದೆ. ಹಾಗಾಗಿ ನಿವೇದಿತಾ ಅಡುಗೆಗೆ ನಿಂತಳೆಂದರೆ ಮೊದಲು ಫ್ಯಾನಿನ ಎರಡನೇ ಗುಂಡಿ ಒತ್ತುತ್ತಾಳೆ. ಗುಂಡಿ ಸಡಿಲ, ಬೆರಳು ತೆಗೆದರೆ ಹೊರಗೆ ಬರುತ್ತದೆ. ನಾನು ರಿಪೇರಿ ಮಾಡುತ್ತೇನೆ ಎಂದು ಹೇಳುತ್ತಲೇ ಎರಡು ವರ್ಷವಾದ್ದರಿಂದ ಅವಳು ಒಂದು ಮಡಿಚಿದ ಕಾಗದ ಸಿಕ್ಕಿಸಿ ಅದನ್ನು ನಿಲ್ಲಿಸುತ್ತಾಳೆ.

ಗುಂಡಿ ಒತ್ತಿ ಹಿಡಿದು ಕಣ್ಣು ಮುಚ್ಚಿದೆ. ಗುಂಯ್. ಪೆಟ್ಟಿಗೆ ಬೇಕಾಗಲಿಲ್ಲ. ಹದಿನೇಳು ವರ್ಷ ಬೇಲಿಗಳ ಪಕ್ಕ ನಿಂತು ಕೇಳಿದ್ದೂ ಇದನ್ನೇ. ಸೆಕೆಂಡಿಗೆ ನೂರು ಕಂಪನ, ಅದರ ಮೇಲೆ ತೆಳ್ಳಗೆ ಇನ್ನೂರು. ಐದು ಮನೆ ಎಂದರೆ ನೂರ ತೊಂಬತ್ತಾರು, ಐದೂವರೆ ಎಂದರೆ ಹತ್ತಿರ ಹತ್ತಿರ ಇನ್ನೂರ ಎಂಟು. ನನ್ನ ಹೆಂಡತಿಯ ಷಡ್ಜ ಈ ಎರಡರ ನಡುವೆ, ಐದು ಮನೆಗಿಂತ ತುಸು ಮೇಲೆ, ಈ ದೇಶದ ಕರೆಂಟಿನ ಸ್ವರದ ಮೇಲೆ ವರ್ಷಗಟ್ಟಲೆ ಕೂತಿತ್ತು. ‘ಸ್ವಲ್ಪ ಇಳಿದಿದೆ’ ಎಂದು ಅವಳು ಹೇಳಿದ್ದು ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಆ ಸ್ವರವನ್ನು ನನ್ನಷ್ಟು ಬಲ್ಲವರಿಲ್ಲ ಎಂದು ಊಟದ ಪಂಕ್ತಿಯಲ್ಲಿ ಹೇಳಿಕೊಂಡವನು ನಾನು. ಅದನ್ನು ಗುರುತಿಸಿದ್ದು ಮೇಲಿನ ಮನೆಯ ಗುನ್ನೆಲ್. ನನಗೆ ತುಂಬಾ ನಾಚಿಕೆಯಾಯಿತು.

ನಿವೇದಿತಾ ಕೆಲಸದಿಂದ ಬಂದು ಬೂಟು ಬಿಚ್ಚುವ ಮೊದಲೇ, “ಬೇಗ ಒಗ್ಗರಣೆ ಹಾಕು ಬಾ” ಎಂದೆ.

“ಯಾವುದಕ್ಕೆ? ಬೇಳೆನೇ ಇಟ್ಟಿಲ್ಲ.”

“ಬೇಳೆ ಬೇಡ. ಫ್ಯಾನ್ ಸಾಕು.” ಗುಂಡಿ ಒತ್ತಿದೆ. “ಈಗ ಷಡ್ಜ ಹಿಡಿ.”

ಅವಳು ನನಗೇನೋ ಆಗಿದೆ ಎಂಬಂತೆ ನೋಡಿದಳು. ಆದರೂ ಹಿಡಿದಳು. ಹಿಡಿದದ್ದನ್ನು ಬಿಡಲಿಲ್ಲ. ಫ್ಯಾನಿನ ಸದ್ದಿಗೂ ಅವಳ ದನಿಗೂ ನಡುವೆ ಗೆರೆಯೇ ಇರಲಿಲ್ಲ. ಅವಳ ಕಣ್ಣುಗಳು ದೊಡ್ಡವಾದವು. ಉಸಿರು ಮುಗಿದ ಮೇಲೆ ಅಲ್ಲೇ ಸ್ಟೂಲಿನ ಮೇಲೆ ಕೂತು ನಗಲು ಶುರುಮಾಡಿದಳು.

“ಅಯ್ಯೋ ರೀ, ಇಷ್ಟು ವರ್ಷ ನಾನು ಫ್ಯಾನ್ ಜೊತೆ ಹಾಡ್ತಿದ್ನಾ?”

“ತಪ್ಪು ನಂದು ಕಣೇ. ಆಪ್‌ದೂ ಅಲ್ಲ, ನಿಂದಂತೂ ಅಲ್ವೇ ಅಲ್ಲ” ಎಂದೆ. ಇದನ್ನು ಹೇಳಲು ಎಂಟು ರೆಕಾರ್ಡಿಂಗ್ ಬೇಕಾಯಿತು.

ಮೈಕನ್ನು ಅಡುಗೆಮನೆಗೆ ತರೋಣವೆಂದರೆ ಕೇಬಲ್ ಹಾಲಿನ ಅರ್ಧಕ್ಕೇ ಮುಗಿಯಿತು. ಹದಿನಾಲ್ಕು ಕಾಲಂನ ಪಟ್ಟಿಯಲ್ಲಿ ಕೇಬಲಿನ ಉದ್ದ ಬಿಟ್ಟುಹೋಗಿತ್ತು. ನಿವೇದಿತಾ ತನ್ನ ಫೋನನ್ನು ಸಾರಿನ ಪುಡಿಯ ಡಬ್ಬಿಗೆ ಒರಗಿಸಿಟ್ಟಳು. ಕಾಗದ ಸಿಕ್ಕಿಸಿದರೆ ಚರಚರ ಎನ್ನುತ್ತಿತ್ತು, ಆದ್ದರಿಂದ ಗುಂಡಿಯನ್ನು ನಾನೇ ಬೆರಳಿನಿಂದ ಒತ್ತಿ ಹಿಡಿಯಬೇಕಾಯಿತು. ಏಳು ನಿಮಿಷ. ಬೆರಳು ಮರಗಟ್ಟಿತು. ಸ್ವಲ್ಪವೂ ಅಲ್ಲಾಡಿಸಲಿಲ್ಲ. ಅವಳು ನನ್ನ ಕಡೆ ನೋಡದೆ, ಒಲೆಯ ಕಡೆ ಮುಖ ಮಾಡಿ, ದಿನವೂ ಹಾಡುವ ಹಾಗೆಯೇ ಹಾಡಿದಳು. ಇಷ್ಟು ವರ್ಷ ಇದು ನಮ್ಮ ಮನೆಯಲ್ಲೇ ನಡೆಯುತ್ತಿತ್ತಲ್ಲ, ನಾನು ಹಾಲಿನಲ್ಲಿ ಕೂತು ಏನು ಮಾಡುತ್ತಿದ್ದೆ ಎಂದು ಅನ್ನಿಸಿತು.

ಭಾನುವಾರ ಬೆಳಿಗ್ಗೆ ಟೀಚರ್ ಫೋನ್ ಮಾಡಿದರು. ನಿವೇದಿತಾ ಸ್ಪೀಕರಿಗೆ ಹಾಕಿದಳು.

“ಷಡ್ಜ ಕೂತಿದೆ ಕಣೇ” ಎಂದರು ಟೀಚರ್. “ಯಾವಾಗ ಕೂತ್ಕೊಳ್ತು?”

ನಿವೇದಿತಾ ಸೆರಗಿಲ್ಲದ ಸ್ವೆಟರಿನ ತೋಳಿನಲ್ಲೇ ಕಣ್ಣು ಒರೆಸಿಕೊಂಡಳು.

“ಶ್ರುತಿ ಪೆಟ್ಟಿಗೆ ಹಳೇ ಕಾಲದ್ದಾ? ಗಾಳಿ ಸೋರ್ತಿದೆ. ಆದ್ರೆ ಒಂದು ಕಡೆನೂ ಅಲ್ಲಾಡಿಲ್ಲ. ಯಾರು ಒತ್ತಿದ್ದು?”

ನಿವೇದಿತಾ ನನ್ನ ಮುಖ ನೋಡಿದಳು. ನಾನು ಒಲೆಯ ಮೇಲಿನ ಫ್ಯಾನ್ ನೋಡಿದೆ.

“ನಮ್ಮ ಮನೆಯವರು, ಟೀಚರ್.”

“ಒಳ್ಳೇ ಕೈ. ಬಾಯಿ ಮಾತ್ರ ಮುಚ್ಕೊಂಡಿರೋಕೆ ಹೇಳು. ಚರಣದಲ್ಲಿ ಒಂದು ಕಡೆ ‘ಭೇಷ್’ ಅಂದಿದ್ದು ಕೇಳಿಸ್ತು.”

ಆ ಮಧ್ಯಾಹ್ನವೇ ಸ್ಕ್ರೂಡ್ರೈವರ್ ಹಿಡಿದು ಗುಂಡಿ ಸರಿಮಾಡಲು ಹೋದೆ. ನಿವೇದಿತಾ ಬೇಡವೆಂದು ಅದನ್ನು ಕೈಯಿಂದ ಕಿತ್ತುಕೊಂಡಳು. ಈಗ ವಾರಕ್ಕೆ ಮೂರು ದಿನ ಆಫೀಸಿನಿಂದ ಬೇಗ ಬರುತ್ತೇನೆ. ನಾಲ್ಕೂವರೆಗೆ ಒಲೆಯ ಪಕ್ಕ ನಿಂತು, ಎರಡನೇ ಗುಂಡಿ ಒತ್ತಿ ಹಿಡಿದು, ಬಾಯಿ ಮುಚ್ಚಿಕೊಂಡಿರುತ್ತೇನೆ.